ಬೆಳಗಾವಿಯಿಂದ ಬಂದರಿಗೆ: ಮನೆ ಸಾಮಾನು ವಿದೇಶಕ್ಕೆ ಕಳಿಸುವವರಿಗೆ

ಬೆಳಗಾವಿಯ ಟಿಳಕವಾಡಿಯ ಮನೆ ಖಾಲಿ ಮಾಡಿ ನಾವು ಮೆಲ್ಬರ್ನ್‌ಗೆ ಹೊರಟಾಗ ಹತ್ತೊಂಬತ್ತು ಡಬ್ಬಿ ಸಾಮಾನು ಹಡಗಿನಲ್ಲಿ ಹೋಯಿತು. ಹದಿನೆಂಟು ಡಬ್ಬಿಗಳ ಒಳಗೆ ಏನಿದೆ ಅಂತ ನಾನೇ ಕೂತು ಬರೆದಿದ್ದೆ. ಹತ್ತೊಂಬತ್ತನೆಯದನ್ನು ಕೊನೆ ಗಳಿಗೆಯಲ್ಲಿ ಪ್ಯಾಕಿಂಗ್ ಹುಡುಗರು ತುಂಬಿದರು. ಪಟ್ಟಿಯಲ್ಲಿ ಅದರ ಮುಂದೆ ‘ಇತರೆ ಸಾಮಾನು’ ಅಂತ ಗೀಚಿದರು. ಮೆಲ್ಬರ್ನ್‌ನಲ್ಲಿ ತಪಾಸಣೆಯವರು ಬಿಚ್ಚಿದ್ದು ಅದೊಂದನ್ನೇ. ಒಳಗೆ ಹುಲ್ಲಿನ ಕಸಬರಿಗೆ ಇತ್ತು, ಬಿದಿರಿನ ಮೊರ ಇತ್ತು. ಮೊರದ ಹೆಣಿಗೆಯ ಸಂದಿಯಲ್ಲಿ ಏಳೆಂಟು ಜೋಳದ ಕಾಳು ಸಿಕ್ಕಿಕೊಂಡಿದ್ದವು. ಆ ಏಳೆಂಟು ಕಾಳಿಗೆ ನಾವು ಕಟ್ಟಿದ ತಪಾಸಣೆ ಶುಲ್ಕದಲ್ಲಿ ಊರಲ್ಲಿ ಒಂದು ಚೀಲ ಜೋಳ ತರಬಹುದಿತ್ತು.

ಆಮೇಲೆ ನನ್ನ ತಮ್ಮ ಬಾಗಲಕೋಟೆಯಿಂದ ಟೊರಾಂಟೊಗೆ ಹೋದ. ಚಿಕ್ಕಮ್ಮನ ಮಗಳು ವಿಜಯಪುರದಿಂದ ದುಬೈಗೆ ಹೋದಳು. ಇಬ್ಬರ ಸಾಮಾನು ಕಟ್ಟಿಸುವಾಗಲೂ ನಾನು ಫೋನಿನಲ್ಲಿ ಜೊತೆಗಿದ್ದೆ. ಮೂರು ಮನೆಗಳ ಅನುಭವ ಸೇರಿಸಿ, ಯಾವ ಕೆಲಸ ಯಾವಾಗ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಡಬ್ಬಿ, ಟೇಪಿಗಿಂತ ಮೊದಲು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಉಳಿದದ್ದೆಲ್ಲ ಅದರಿಂದಲೇ ಶುರು.

ಮೂರು ತಿಂಗಳು ಮೊದಲು: ಅಳೆಯಿರಿ

ಹಡಗಿನಲ್ಲಿ ಮನೆ ಸಾಮಾನಿಗೆ ಬೆಲೆ ಬೀಳುವುದು ತೂಕದ ಮೇಲಲ್ಲ, ಜಾಗದ ಮೇಲೆ. ಲೆಕ್ಕ ಘನ ಮೀಟರಿನಲ್ಲಿ. ಏಜೆಂಟರ ಬಾಯಲ್ಲಿ ಅದು ‘ಸಿಬಿಎಂ’. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇದ್ದರೆ ಒಂದು ಸಿಬಿಎಂ, ಅಂದರೆ ಸುಮಾರು 35 ಘನ ಅಡಿ.

ಮನೆಯಲ್ಲಿರುವ ಕಬ್ಬಿಣದ ತಿಜೋರಿಯನ್ನೇ ಅಳೆದು ನೋಡಿ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ಗುಣಿಸಿದರೆ 29 ಘನ ಅಡಿ ದಾಟುತ್ತದೆ. ಖಾಲಿ ತಿಜೋರಿಗೇ ಮುಕ್ಕಾಲು ಸಿಬಿಎಂಗಿಂತ ಜಾಸ್ತಿ ಹೋಯಿತು. ಅಷ್ಟೇ ಜಾಗದಲ್ಲಿ 18 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಪುಸ್ತಕದ ಡಬ್ಬಿ ಹತ್ತೊಂಬತ್ತು ಕೂಡುತ್ತವೆ. ನಮ್ಮ ಪೂರಾ ಸಾಮಾನು ಹತ್ತೊಂಬತ್ತು ಡಬ್ಬಿ ಅಂದೆನಲ್ಲ, ತಿಜೋರಿಯನ್ನು ಬಿಟ್ಟು ಬಂದಿದ್ದು ಯಾಕೆ ಅಂತ ಗೊತ್ತಾಯಿತಲ್ವಾ?

20 ಅಡಿಯ ಕಂಟೇನರ್ ಒಳಗೆ ಸುಮಾರು 33 ಸಿಬಿಎಂ ಜಾಗ ಇರುತ್ತದೆ. ಸಂದಿ ಮೂಲೆ ಬಿಟ್ಟರೆ ಕೈಗೆ ಸಿಗುವುದು 25ರಿಂದ 28. 40 ಅಡಿಯದರಲ್ಲಿ ಸುಮಾರು 67. ಮಂಚ, ಸೋಫಾ, ಊಟದ ಮೇಜು ಎಲ್ಲ ಹೊತ್ತುಕೊಂಡು ಹೋಗುವ ಮನೆಗೆ ಪೂರ್ತಿ ಕಂಟೇನರ್ ಬೇಕಾಗಬಹುದು. ಪಾತ್ರೆ, ಬಟ್ಟೆ, ಪುಸ್ತಕ ಅಷ್ಟೇ ಅಂದರೆ ಬೇರೆಯವರ ಜೊತೆ ಹಂಚಿಕೊಳ್ಳುವ ಕಂಟೇನರ್ ಸಾಕು. ಅದಕ್ಕೆ ‘ಎಲ್‌ಸಿಎಲ್’ ಅನ್ನುತ್ತಾರೆ. ಇದರಲ್ಲಿ ಖರ್ಚು ಕಡಿಮೆ, ಆದರೆ ಕಂಟೇನರ್ ತುಂಬುವ ತನಕ ನಿಮ್ಮ ಡಬ್ಬಿ ಮುಂಬೈ ಕಡೆಯ ಗೋದಾಮಿನಲ್ಲಿ ಕಾಯುತ್ತಾ ಕೂರುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಂದರೆ ಮನೆಯಿಂದ ಮನೆಗೆ ಎರಡರಿಂದ ಮೂರು ತಿಂಗಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನ ಕಡೆ ಹೋಗುವ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಆಗ ಇನ್ನೂ ಹತ್ತಿಪ್ಪತ್ತು ದಿನ ಮುಂದೆ ಹೋಗುತ್ತದೆ. ಹೊರಡುವ ಮೊದಲು ದಾರಿ ಯಾವುದು ಅಂತ ಕೇಳಿ.

ವಿಮಾನದಲ್ಲಿ ಕಳಿಸಿದರೆ ಬೇಗ ಮುಟ್ಟುತ್ತದೆ, ಆದರೆ ಲೆಕ್ಕ ವಿಚಿತ್ರ. ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಏರ್ ಕಾರ್ಗೋದಲ್ಲಿ ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸುತ್ತಾರೆ. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ. 60, 45, 45 ಸೆಂಟಿಮೀಟರಿನ ಡಬ್ಬಿಯಲ್ಲಿ ದಿಂಬು ತುಂಬಿದರೆ ತಕ್ಕಡಿಯಲ್ಲಿ ಆರು ಕಿಲೋ ಬರಬಹುದು, ಬಿಲ್ಲಿನಲ್ಲಿ 20 ಕಿಲೋ ಬರುತ್ತದೆ. ದಿಂಬನ್ನು ಯಾರೂ ವಿಮಾನದಲ್ಲಿ ಕಳಿಸಬೇಡಿ.

ಮನೆಯಲ್ಲಿ ಜಗಳ: ಯಾವುದು ಬೇಕು, ಯಾವುದು ಬೇಡ

ಎಲ್ಲರ ಮನೆಯಲ್ಲೂ ಇದೇ ಕಷ್ಟದ ಹಂತ. ನಾನು ಮಾಡಿದ್ದು ಇಷ್ಟೇ: ನೋಟ್‌ಬುಕ್‌ನಲ್ಲಿ ಕೋಣೆಗೊಂದು ಪುಟ. ಪ್ರತಿ ಸಾಮಾನಿನ ಮುಂದೆ ಮೂರು ಕಾಲಂ: ಹಡಗು, ಕೈಚೀಲ, ಇಲ್ಲೇ. ನಾಲ್ಕನೆಯದು ‘ನೋಡೋಣ’ ಅಂತ ಇಡಬೇಡಿ. ಇಟ್ಟರೆ ಅರ್ಧ ಮನೆ ಅದರಲ್ಲೇ ಕೂರುತ್ತದೆ.

ಮೊದಲು ಕರೆಂಟಿನ ಸಾಮಾನು. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಫ್ರಿಜ್, ವಾಷಿಂಗ್ ಮಷಿನ್ ಒಯ್ಯುವ ಮಾತೇ ಬೇಡ. ಮಿಕ್ಸರ್ ಬೇಕೇ ಬೇಕು ಅಂದರೆ ಅದರ ವ್ಯಾಟ್‌ಗಿಂತ ಸುಮಾರು ದುಪ್ಪಟ್ಟು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು. ಅದು ಮಿಕ್ಸರಿಗಿಂತ ಭಾರ. ತಮ್ಮ ಒಂದು ಒಯ್ದ, ಈಗ ಅದು ಟೊರಾಂಟೊದ ಅಡುಗೆಮನೆಯಲ್ಲಿ ಬಾಗಿಲು ಮುಚ್ಚದ ಹಾಗೆ ತಡೆಯುವ ಕಲ್ಲಾಗಿದೆ. ಅಲ್ಲಿಗೆ ಹೋಗುವವರು 110 ವೋಲ್ಟಿನದೇ ಮಿಕ್ಸರ್ ಕೇಳಿ ತಗೊಳ್ಳುವುದು ಒಳ್ಳೆಯದು. ದುಬೈ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ನಮ್ಮದೇ, ಪಿನ್ ಮಾತ್ರ ಬೇರೆ. ನಮ್ಮ ಗ್ಯಾಸ್ ಒಲೆ ಎಲ್ಲಿಗೂ ಬೇಡ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಡಿಪಾಸಿಟ್ ವಾಪಸ್ ತಗೊಳ್ಳಿ. ಕುಕ್ಕರ್ ಒಯ್ಯಿರಿ, ಜೊತೆಗೆ ನಾಲ್ಕು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್.

ಕಪಾಟು, ಮಂಚ, ಪ್ಲೈವುಡ್ ಶೋಕೇಸ್ ಇಲ್ಲೇ ಬಿಡಿ. ತೆಗೆದುಕೊಳ್ಳುವವರು ಸಿಗದಿದ್ದರೆ ಗುಜರಿಗೆ ಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಸಾಗಣೆ ಖರ್ಚಿನಲ್ಲಿ ಅಲ್ಲಿ ಹೊಸದು ಬರುತ್ತದೆ.

ಒಯ್ಯಬೇಕಾದ್ದು ಅಲ್ಲಿ ಸಿಗದ್ದು. ನಮ್ಮವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ದಳು: “ಹಂಚು ಬಿಟ್ಟು ಹೋದ್ರ ರೊಟ್ಟಿ ಎದರ ಮ್ಯಾಲ ಬೇಯಸ್ತಿ? ಅಲ್ಲೇನ ಸಿಗತೈತಿ?” ಅವಳ ಮಾತು ಖರೆ. ರೊಟ್ಟಿ ಹಂಚು, ಕೌದಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಿತ್ತಾಳೆ ದೀಪ, ಮಕ್ಕಳ ಕನ್ನಡ ಪುಸ್ತಕ. ಇವು ಜಾಗಕ್ಕೆ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ.

ಮುಟ್ಟಬಾರದ ಸಾಮಾನು

ಬಾಗಲಕೋಟೆಯ ಹಳೆ ಊರಿನವರಿಗೆ ಮನೆ ಕೀಳುವುದು ಹೊಸದಲ್ಲ. ಆಲಮಟ್ಟಿ ಹಿನ್ನೀರಿನ ಮುಳುಗಡೆ ಬಂದಾಗ ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡೇ ನವನಗರಕ್ಕೆ ಬಂದವರಿದ್ದಾರೆ. ತಮ್ಮನ ಅತ್ತೆಮನೆಯಲ್ಲೂ ಹಾಗೆ ಬಂದ ಒಂದು ಕೆತ್ತನೆ ಬಾಗಿಲಿದೆ. ಅದನ್ನು ಮೇಜು ಮಾಡಿಸಿ ಟೊರಾಂಟೊಗೆ ಒಯ್ಯಬೇಕು ಅಂತ ಅವನ ಆಸೆ. ನಾನು ಬೇಡ ಅಂದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕೆತ್ತನೆ, ವಿಗ್ರಹ, ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಮಹತ್ವದ ಹಸ್ತಪ್ರತಿಗೆ 75 ವರ್ಷ. ನಿಮ್ಮದು ಅಷ್ಟು ಹಳೆಯದಲ್ಲ, ಆದರೆ ನೋಡಲು ಹಳೆಯದರ ಹಾಗಿದೆ ಅಂದರೆ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ಭಾರತೀಯ ಪುರಾತತ್ವ ಇಲಾಖೆ. ನಮ್ಮ ಭಾಗದ ಕಚೇರಿ ಧಾರವಾಡದಲ್ಲಿದೆ, ಅರ್ಜಿ ಎಲ್ಲಿ ಹಾಕಬೇಕು ಅಂತ ಮೊದಲು ಅಲ್ಲಿ ವಿಚಾರಿಸಿ. ಬಾಗಿಲು ಈಗಲೂ ನವನಗರದಲ್ಲೇ ಇದೆ.

ಅದೇ 1972ರಲ್ಲಿ ಬಂದ ಇನ್ನೊಂದು ಕಾಯ್ದೆ ವನ್ಯಜೀವಿ ಸಂರಕ್ಷಣೆಯದು. ಅಜ್ಜನ ಕಾಲದ ಜಿಂಕೆ ಚರ್ಮ, ಗೋಡೆಯ ಮೇಲಿನ ಕೊಂಬು, ಹುಲಿ ಉಗುರು, ದಂತದ ಡಬ್ಬಿ ಯಾವುದನ್ನೂ ಕಟ್ಟಬೇಡಿ. ದೇವರ ಮನೆಯ ನವಿಲುಗರಿ ಕೂಡ ಬೇಡ. ಬೀಟೆ ಮರದ ಕುರ್ಚಿ, ಪೆಟ್ಟಿಗೆ ಇದ್ದರೆ ಏಜೆಂಟರಿಗೆ ಮೊದಲೇ ಹೇಳಿ. 2017ರಿಂದ ಆ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿವೆ. ಗಂಧದ ಕೊರಡಿಗೂ ಇದೇ ಎಚ್ಚರ.

ಗಲ್ಫ್‌ಗೆ ಹೋಗುವವರು ಈ ಒಂದು ಸಾಲನ್ನು ಎರಡು ಸಲ ಓದಿ: ಗಸಗಸೆ ಒಯ್ಯಬೇಡಿ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಚಿಕ್ಕಮ್ಮ ಮಗಳಿಗೆ ಕಟ್ಟಿಕೊಟ್ಟ ಮಸಾಲೆ ಡಬ್ಬಿಯಲ್ಲಿ ಒಂದು ಬಟ್ಟಲು ಗಸಗಸೆ ಇತ್ತು, ಪಾಪ, ಹುಗ್ಗಿಗೆ ಅಂತ ಹಾಕಿದ್ದರು. ನಾನು ವಿಡಿಯೊ ಕಾಲ್‌ನಲ್ಲಿ ನೋಡಿ ತೆಗೆಸಿದೆ.

ತಿನ್ನುವ ಯಾವ ವಸ್ತುವೂ ಹಡಗಿನ ಡಬ್ಬಿಯಲ್ಲಿ ಬೇಡ. ಎರಡು ತಿಂಗಳು ಬಿಸಿಲಲ್ಲಿ ಕಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಕುಂದಾ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? ಎಣ್ಣೆ, ಸೆಂಟು, ನೇಲ್ ಪಾಲಿಶ್, ಬೆಂಕಿಪೆಟ್ಟಿಗೆ, ಪವರ್ ಬ್ಯಾಂಕ್, ಇನ್ವರ್ಟರ್ ಬ್ಯಾಟರಿ ಇವೆಲ್ಲ ಅಪಾಯದ ಸಾಮಾನು, ಹಡಗಿನವರು ಒಪ್ಪುವುದಿಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂದರೆ ಮಣ್ಣು ಮತ್ತು ಬೀಜದ ಭಯ. ಶೂ ಅಡಿಭಾಗ, ಸೈಕಲ್ ಚಕ್ರ, ತೋಟದ ಕುಡಗೋಲು ಎಲ್ಲ ಹಲ್ಲುಜ್ಜುವ ಬ್ರಶ್ ಹಾಕಿ ತೊಳೆಯಿರಿ. ಅವರ ಲೆಕ್ಕದಲ್ಲಿ ರುದ್ರಾಕ್ಷಿ ಅಂದರೆ ಬೀಜ, ಲಾವಂಚ ಅಂದರೆ ಬೇರು, ಕಸಬರಿಗೆ ಅಂದರೆ ಹುಲ್ಲು. ಹಾಗಾಗಿ ಇವುಗಳನ್ನು ಮುಚ್ಚಿಡದೆ ಪಟ್ಟಿಯಲ್ಲಿ ಬರೆಯಿರಿ. ಮರದ ಲಟ್ಟಣಿಗೆ, ಮಣೆಗೆ ಹುಳದ ತೂತು ಇದೆಯಾ ನೋಡಿ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಇಲ್ಲೇ ಬಿಡಿ.

ಎರಡು ತಿಂಗಳು ಮೊದಲು: ಏಜೆಂಟ್

ನಮ್ಮ ಮೂರೂ ಜಿಲ್ಲೆಗಳಿಂದ ಕಂಟೇನರ್ ಸಾಮಾನ್ಯವಾಗಿ ಹತ್ತುವುದು ನವಿ ಮುಂಬೈ ಹತ್ತಿರದ ನ್ಹಾವಾ ಶೇವಾದಲ್ಲಿ. ಅದೇ ಜವಾಹರಲಾಲ್ ನೆಹರೂ ಬಂದರು. ಬೆಳಗಾವಿಯಿಂದ ನಿಪ್ಪಾಣಿ, ಕೊಲ್ಹಾಪುರ, ಪುಣೆ ದಾರಿ. ವಿಜಯಪುರದಿಂದ ಸೊಲ್ಲಾಪುರ ಮೇಲೆ. ಗೋವಾ ಬಂದರು ನಕಾಶೆಯಲ್ಲಿ ಹತ್ತಿರ ಕಾಣುತ್ತದೆ, ಆದರೆ ಮನೆ ಸಾಮಾನು ಹಂಚಿಕೊಳ್ಳುವ ಕಂಟೇನರ್ ಸಿಗುವುದು ಮುಂಬೈ ಕಡೆಯೇ ಸುಲಭ.

ಇಲ್ಲಿನ ಪ್ಯಾಕರ್ಸ್ ಬಹುತೇಕ ಪುಣೆ, ಬೆಂಗಳೂರಿಗೆ ಮನೆ ಸಾಗಿಸುವವರು. ವಿದೇಶದ ಕೆಲಸ ಬಂದರೆ ಮುಂಬೈ ಏಜೆಂಟರಿಗೆ ದಾಟಿಸುತ್ತಾರೆ. ಅದು ತಪ್ಪಲ್ಲ. ಆದರೆ ಬಿಲ್ ಆಫ್ ಲೇಡಿಂಗ್ (ಸಾಮಾನು ಹಡಗಿಗೆ ಒಪ್ಪಿಸಿದ್ದಕ್ಕೆ ಕೊಡುವ ರಸೀದಿ ಪತ್ರ) ಯಾರು ಕೊಡುತ್ತಾರೆ, ಅಲ್ಲಿ ಬಿಡಿಸಿಕೊಡುವವರು ಯಾರು ಅಂತ ಹೆಸರು ಸಮೇತ ಬರೆಸಿಕೊಳ್ಳಿ. ಅಂತಾರಾಷ್ಟ್ರೀಯ ಸಾಗಣೆದಾರರ ಸಂಘಗಳಿವೆ, ಫಿಡಿ ಮತ್ತು ಐಎಎಂ. ಅದರ ಸದಸ್ಯರಾ ಅಂತ ಕೇಳಿ, ಹೌದು ಅಂದರೆ ಆ ಸಂಘದ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ.

ಕನಿಷ್ಠ ಮೂರು ಕೊಟೇಶನ್ ತಗೊಳ್ಳಿ. ಮನೆಗೆ ಬಂದು ಅಥವಾ ವಿಡಿಯೊದಲ್ಲಿ ನೋಡದೆ ಫೋನಿನಲ್ಲೇ ರೇಟ್ ಹೇಳುವವರನ್ನು ಅಲ್ಲಿಗೇ ಬಿಡಿ. ಮೂರೂ ಕೊಟೇಶನ್ ಮುಂದಿಟ್ಟುಕೊಂಡು ಮೊದಲು ಹುಡುಕಬೇಕಾದ ಪದ ‘ಡೋರ್ ಟು ಡೋರ್’. ನಾನು ಆರಿಸಿದ್ದು ಎಲ್ಲಕ್ಕಿಂತ ಅಗ್ಗದ್ದು. ಅದು ‘ಡೋರ್ ಟು ಪೋರ್ಟ್’ ಆಗಿತ್ತು. ಒಂದೇ ಪದದ ವ್ಯತ್ಯಾಸ. ಹಡಗು ಮುಟ್ಟಿದ ಮೇಲೆ ಅಲ್ಲಿನ ಏಜೆಂಟ್ ಒಂದೊಂದೇ ಬಿಲ್ ಕಳಿಸಿದ. ಬಂದರಿನ ಖರ್ಚು, ಕಂಟೇನರ್ ಬಿಚ್ಚಿದ ಖರ್ಚು, ಕಾಗದಪತ್ರದ ಖರ್ಚು, ತಪಾಸಣೆ, ಮನೆಗೆ ತರುವ ಲಾರಿ. ಎಲ್ಲ ಕೂಡಿಸಿದಾಗ ಎಲ್ಲಕ್ಕಿಂತ ದುಬಾರಿಯಾದ ಕೊಟೇಶನ್ನನ್ನೇ ದಾಟಿತ್ತು. ಸಾಮಾನು ಅವರ ಗೋದಾಮಿನಲ್ಲಿ. ದಿನ ತಪ್ಪಿದರೆ ಬಾಡಿಗೆ ಬೇರೆ. ವಾದ ಮಾಡಲು ನನಗೆ ಕಾಲೂರಲು ಜಾಗವೇ ಇರಲಿಲ್ಲ.

ಆದ್ದರಿಂದ ಇವನ್ನು ಬರಹದಲ್ಲಿ ಕೇಳಿ: ಆ ಕಡೆಯ ಬಂದರಿನ ಖರ್ಚು ಸೇರಿದೆಯಾ? ಕಸ್ಟಮ್ಸ್ ಬಿಡಿಸುವುದು? ಸರ್ಕಾರದ ತಪಾಸಣೆ ಶುಲ್ಕ ಸೇರುವುದಿಲ್ಲ ಅಂತಾರೆ, ಸರಿ, ಸಾಮಾನ್ಯವಾಗಿ ಎಷ್ಟಾಗುತ್ತದೆ? ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹತ್ತಿಸುತ್ತಾರಾ? ಎಷ್ಟು ದಿನ ಪುಕ್ಕಟೆ ಇಡುತ್ತಾರೆ? ಸಿಬಿಎಂ ಜಾಸ್ತಿಯಾದರೆ ಯಾವ ದರ? ಖಾಲಿ ಡಬ್ಬಿ ವಾಪಸ್ ಒಯ್ಯುತ್ತಾರಾ?

ಪೂರ್ತಿ ಕಂಟೇನರ್ ತರಿಸುವವರು ನಿಮ್ಮ ಗಲ್ಲಿಯನ್ನೂ ಒಮ್ಮೆ ನೋಡಿ. ಬೆಳಗಾವಿಯ ಶಹಾಪುರದ ಗಲ್ಲಿಯೊಳಗೆ ಟ್ರೇಲರ್ ತಿರುಗುವುದಿಲ್ಲ, ಮೇಲೆ ಕರೆಂಟಿನ ತಂತಿ. ಟೆಂಪೊದಲ್ಲಿ ಹೈವೇವರೆಗೆ ಒಯ್ದು ಅಲ್ಲಿ ತುಂಬಬೇಕಾಗುತ್ತದೆ. ಆ ಖರ್ಚು ಯಾರದು?

ಕಟ್ಟುವ ವಾರ

ರಟ್ಟಿನ ಡಬ್ಬಿ ಹೊಸದೇ ಇರಲಿ, ಐದು ಪದರದ್ದು. ರವಿವಾರ ಪೇಟೆಯಲ್ಲಿ ಅಂಗಡಿಯವರು ಬಿಸ್ಕಿಟ್, ಸೋಪಿನ ಹಳೆ ಡಬ್ಬಿ ಕಡಿಮೆಗೆ ಕೊಡುತ್ತಾರೆ, ಆದರೆ ಅವು ಪುಣೆ ದಾಟುವುದರೊಳಗೆ ಕುಸಿಯುತ್ತವೆ. ನಿಮ್ಮ ಮನೆಯಿಂದ ಟೆಂಪೊ, ಟೆಂಪೊದಿಂದ ಗೋದಾಮು, ಗೋದಾಮಿನಿಂದ ಕಂಟೇನರ್, ಆ ಕಡೆ ಮತ್ತೆ ಅಷ್ಟೇ ಸಲ. ಒಂದು ಡಬ್ಬಿಯನ್ನು ಕನಿಷ್ಠ ಆರು ಸಲ ಎತ್ತಿ ಇಳಿಸುತ್ತಾರೆ. ಯಾವುದೂ 20 ಕಿಲೋ ದಾಟಬಾರದು. ನಾನು ಒಂದು ದೊಡ್ಡ ಡಬ್ಬಿಯ ತುಂಬ ಪುಸ್ತಕ ಹಾಕಿದ್ದೆ. ಹಮಾಲಿ ಅಣ್ಣ ಒಮ್ಮೆ ಎತ್ತಲು ನೋಡಿ, ಕೈಬಿಟ್ಟು, “ಅಕ್ಕಾರ, ಇದರಾಗ ಏನೈತ್ರಿ, ಕಲ್ಲು ತುಂಬೀರೇನ್ರಿ?” ಅಂದ. ಬಿಚ್ಚಿ ನಾಲ್ಕು ಸಣ್ಣ ಡಬ್ಬಿ ಮಾಡಿದೆವು. ಪುಸ್ತಕಕ್ಕೆ ಸಣ್ಣ ಡಬ್ಬಿ, ಹಾಸಿಗೆ ಬಟ್ಟೆಗೆ ದೊಡ್ಡದು.

ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಡಬ್ಬಿಯ ತಳಕ್ಕೆ ನಾಲ್ಕು ಬೆರಳು ದಪ್ಪ ಕಾಗದ ಮುದ್ದೆ ಮಾಡಿ ಹಾಸಿ. ಒಂದೊಂದು ತಟ್ಟೆಗೂ ಬೇರೆ ಕಾಗದ ಸುತ್ತಿ, ಗ್ರಾಮಾಫೋನ್ ಪ್ಲೇಟ್ ಇಡುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಕೆಳಗಿನಿಂದ ಬರುವ ಪೆಟ್ಟು ಅಂಚಿಗೆ ತಾಗಿದರೆ ತಡೆದುಕೊಳ್ಳುತ್ತದೆ, ಮಲಗಿದ ತಟ್ಟೆಯಾದರೆ ನಡುವೆ ಸೀಳುತ್ತದೆ. ಲೋಟಗಳ ಹೊಟ್ಟೆಗೂ ಕಾಗದ ತುಂಬಿ. ಮೇಲೆ ಮತ್ತೆ ಕಾಗದ. ಮುಚ್ಚಿದ ಮೇಲೆ ಡಬ್ಬಿಯನ್ನು ಮೆಲ್ಲಗೆ ಅಲುಗಾಡಿಸಿ ಕಿವಿಗೊಡಿ. ಒಳಗೆ ಏನಾದರೂ ಸದ್ದು ಬಂದರೆ ಬಿಚ್ಚಿ ಇನ್ನಷ್ಟು ತುರುಕಿ. ಕಾಗದ ಅಂದರೆ ಅಚ್ಚಾಗದ ಬಿಳಿ ಕಾಗದ. ಹಳೆ ಪೇಪರಿನ ಮಸಿ ಬಿಳಿ ಪಿಂಗಾಣಿಗೆ ಹತ್ತಿದರೆ ಹೋಗುವುದು ಕಷ್ಟ.

ಹಂಚು ಕಬ್ಬಿಣ, ಸಮುದ್ರದ ಗಾಳಿಗೆ ತುಕ್ಕು. ತೊಳೆದು, ಒಲೆಯ ಮೇಲೆ ಕಾಯಿಸಿ ತೇವ ಪೂರಾ ಆರಿಸಿ, ತೆಳ್ಳಗೆ ಎಣ್ಣೆ ಸವರಿ, ಕಾಗದ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್. ನಾವು ಅದನ್ನು ಕೌದಿಯ ಮಡಿಕೆಯೊಳಗೆ ಇಟ್ಟೆವು. ಕೌದಿಯಂಥ ಪ್ಯಾಕಿಂಗ್ ಸಾಮಾನು ಇನ್ನೊಂದಿಲ್ಲ. ಹಳೆ ಸೀರೆಯ ಎಂಟು ಹತ್ತು ಪದರ, ಮೇಲೆ ಕೈಹೊಲಿಗೆ. ಬಬಲ್ ಶೀಟಿಗಿಂತ ಗಟ್ಟಿ, ದುಡ್ಡೂ ಉಳಿಯಿತು, ಹೇಗೂ ಒಯ್ಯಲೇಬೇಕಿತ್ತು. ನಮ್ಮ ನಾಲ್ಕು ಕೌದಿಗಳಲ್ಲಿ ಒಂದು ಹಂಚಿಗೆ, ಒಂದು ಹೊಲಿಗೆ ಯಂತ್ರದ ತಲೆಗೆ, ಎರಡು ದೇವರ ಮನೆಯ ಹಿತ್ತಾಳೆಗೆ ಹೋದವು. ಆದರೆ ಒಗೆದು ಬಿಸಿಲಲ್ಲಿ ಎರಡು ದಿನ ಒಣಗಿಸಿದ ಮೇಲೆ ಮಾತ್ರ. ಕೌದಿ ನೋಡಲು ಒಣಗಿದ ಹಾಗೆ ಕಂಡರೂ ನಡುವಿನ ಪದರ ಹಸಿ ಇರುತ್ತದೆ.

ತೇವದ ಮಾತು ಬಂತಲ್ಲ, ಅದೇ ದೊಡ್ಡ ಶತ್ರು. ಹಗಲು ಕಾದು ರಾತ್ರಿ ತಣ್ಣಗಾದಾಗ ಕಂಟೇನರ್ ಚಾವಣಿಯಿಂದ ಒಳಗೇ ನೀರು ತೊಟ್ಟಿಕ್ಕುತ್ತದೆ. ಇದಕ್ಕೆ ‘ಕಂಟೇನರ್ ಮಳೆ’ ಅಂತಲೇ ಅನ್ನುತ್ತಾರೆ. ಡಬ್ಬಿಯೊಳಗೆ ಪ್ಲಾಸ್ಟಿಕ್ ಹಾಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೆಳಗಾವಿಯಲ್ಲಿ ಜುಲೈ ತಿಂಗಳಲ್ಲಿ ಕಟ್ಟುವವರಿಗೆ ರಟ್ಟೇ ಮೆತ್ತಗಾಗಿರುತ್ತದೆ. ಆದಷ್ಟು ಮಳೆಗೆ ಮೊದಲು ಅಥವಾ ದಸರಾ ಆದ ಮೇಲೆ ನೋಡಿ. ಆಗದಿದ್ದರೆ ಡಬ್ಬಿಗಳನ್ನು ನೆಲಕ್ಕೆ ತಾಗದ ಹಾಗೆ ಮಣೆಯ ಮೇಲಿಡಿ. ವಿಜಯಪುರದ ಕಥೆ ಉಲ್ಟಾ. ಏಪ್ರಿಲ್ ಬಿಸಿಲಿಗೆ ಅಗ್ಗದ ಟೇಪಿನ ಅಂಟು ಕರಗಿ ಜಾರುತ್ತದೆ. ಟೇಪ್ ಒಳ್ಳೆಯದು ತಗೊಂಡು ತಳಕ್ಕೆ ಅಡ್ಡ ಉದ್ದ ಎರಡೂ ಸುತ್ತಿ.

ಇಳಕಲ್ ರೇಷ್ಮೆ ಸೀರೆಗೆ ಹತ್ತಿ ಬಟ್ಟೆ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗದಿರಲಿ. ಸ್ಟೀಲ್ ಪಾತ್ರೆ ಒಂದರೊಳಗೊಂದು ಹಾಕಿ, ಅವುಗಳ ಹೊಟ್ಟೆಯಲ್ಲಿ ಟವೆಲ್ ತುಂಬಿ, ಅಷ್ಟೇ.

ಮರದ ಪೆಟ್ಟಿಗೆ ಬೇಕಾದರೆ ಒಂದು ನೆನಪಿಡಿ. ನಮ್ಮ ಬಡಿಗರು ಅರ್ಧ ದಿನದಲ್ಲಿ ಮಾಡಿಕೊಟ್ಟ ಹಸಿ ಹಲಗೆಯ ಪೆಟ್ಟಿಗೆ ಆ ಕಡೆ ಬಂದರಿನಲ್ಲಿ ನಿಂತುಹೋಗಬಹುದು. ಮರದ ಜೊತೆ ಹುಳ ದೇಶ ದಾಟದಿರಲಿ ಅಂತ ಪ್ಯಾಕಿಂಗ್ ಮರಕ್ಕೆ ‘ಐಎಸ್‌ಪಿಎಂ 15’ ಎಂಬ ಅಂತಾರಾಷ್ಟ್ರೀಯ ನಿಯಮವಿದೆ. ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾದಿರಬೇಕು, ಅದಕ್ಕೆ ಗೋಧಿ ತೆನೆಯ ಚಿತ್ರದ ಐಪಿಪಿಸಿ ಮುದ್ರೆ ಇರಬೇಕು. ಪ್ಲೈವುಡ್‌ಗೆ ಈ ಕಟ್ಟಳೆ ಇಲ್ಲ. ಹಾಗಾಗಿ ಪೆಟ್ಟಿಗೆ ಪ್ಲೈವುಡ್ಡಿನದೇ ಮಾಡಿಸಿ, ಒಳಗೆ ಆಧಾರಕ್ಕೆ ಹಾಕುವ ಪಟ್ಟಿಯೂ ಪ್ಲೈವುಡ್ಡೇ ಇರಲಿ.

ಪಟ್ಟಿ

ಪ್ರತಿ ಡಬ್ಬಿಗೂ ಒಂದು ನಂಬರ್. ನಂಬರನ್ನು ಮೂರು ಬದಿಗೆ ಬರೆಯಿರಿ, ಯಾವ ಕಡೆ ತಿರುಗಿಸಿಟ್ಟರೂ ಕಾಣಬೇಕು. ಹೊರಗೆ ಹೆಸರು ಮತ್ತು ನಂಬರ್ ಸಾಕು, ‘ಬೆಳ್ಳಿ’ ಅಂತ ಬರೆದು ಊರಿಗೆಲ್ಲ ಹೇಳಬೇಡಿ. ಒಳಗಿನ ವಿವರ ನೋಟ್‌ಬುಕ್‌ನಲ್ಲಿ. ‘ಅಡುಗೆ ಸಾಮಾನು’ ಅಂದರೆ ಸಾಲದು. ‘ಸ್ಟೀಲ್ ಡಬ್ಬಿ 9, ಕುಕ್ಕರ್ 1, ಕಬ್ಬಿಣದ ಹಂಚು 1, ಮರದ ಲಟ್ಟಣಿಗೆ 1, ಎಲ್ಲ ಬಳಸಿದ್ದು’ ಅಂತ. ಎದುರಿಗೆ ಒಂದು ಅಂದಾಜು ಬೆಲೆ. ಮುಚ್ಚುವ ಮೊದಲು ಮೇಲಿನಿಂದ ಒಂದು ಫೋಟೊ. ಟಿವಿ, ಲ್ಯಾಪ್‌ಟಾಪ್ ಇದ್ದರೆ ಸೀರಿಯಲ್ ನಂಬರ್ ಕೂಡ.

ಇದೇ ಪಟ್ಟಿ ಕಸ್ಟಮ್ಸ್‌ಗೆ ಹೋಗುತ್ತದೆ, ಇದೇ ವಿಮೆಯವರಿಗೆ ಹೋಗುತ್ತದೆ. ಆದ್ದರಿಂದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ. ‘ಇತರೆ’ ಎಂಬ ಪದ ಅದರಲ್ಲಿ ಎಲ್ಲೂ ಇರಬಾರದು. ತಪಾಸಣೆಯವರನ್ನು ನಮ್ಮ ಹತ್ತೊಂಬತ್ತನೇ ಡಬ್ಬಿಗೆ ಕರೆದದ್ದೇ ಆ ಪದ.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಬಳಸಿದ ಮನೆ ಸಾಮಾನಿಗೆ ಸುಂಕ ಬಿಡುತ್ತಾರೆ, ಆದರೆ ಎಷ್ಟು ಕಾಲ ಬಳಸಿರಬೇಕು ಎಂಬುದು ಒಂದೇ ಅಲ್ಲ. ಆಸ್ಟ್ರೇಲಿಯಾ 12 ತಿಂಗಳು ನಿಮ್ಮದಾಗಿ ಬಳಸಿರಬೇಕು ಅನ್ನುತ್ತದೆ. ಅಮೆರಿಕದಲ್ಲೂ ಒಂದು ವರ್ಷ, ಅಲ್ಲಿನ ಫಾರಂ 3299. ಬ್ರಿಟನ್‌ಗೆ 6 ತಿಂಗಳು ಸಾಕು. ಆದರೆ ಸಾಮಾನು ಮುಟ್ಟುವ ಮೊದಲೇ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಅರ್ಜಿ ಹಾಕಿ ಒಪ್ಪಿಗೆ ತಗೊಳ್ಳಬೇಕು. ಹೋಗುವ ಸಂಭ್ರಮದಲ್ಲಿ ಹೊಸ ಮಿಕ್ಸರ್, ಹೊಸ ಪಾತ್ರೆ ಸೆಟ್ ಕೊಂಡು ಪೆಟ್ಟಿಗೆ ಸಮೇತ ಇಟ್ಟರೆ ಅದು ಬಳಸಿದ ಸಾಮಾನು ಆಗುವುದಿಲ್ಲ. ಕೊಳ್ಳುವುದಿದ್ದರೆ ವರ್ಷ ಮೊದಲೇ ಕೊಂಡು ಬಳಸಿ.

ಕೆನಡಾದ ನಿಯಮ ಹಲವರನ್ನು ಬೀಳಿಸುತ್ತದೆ. ಮೊದಲ ಸಲ ಇಳಿಯುವಾಗಲೇ, ವಿಮಾನ ನಿಲ್ದಾಣದಲ್ಲೇ, ಹಿಂದಿನಿಂದ ಬರುವ ಸಾಮಾನಿನ ಪಟ್ಟಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು. ಆಮೇಲೆ ನೆನಪಾದದ್ದನ್ನು ಸೇರಿಸುವ ಹಾಗಿಲ್ಲ. ತಮ್ಮ ನಿದ್ದೆಗಣ್ಣಲ್ಲಿ ಇಳಿದು ಸೀದಾ ಹೊರಗೆ ಹೋಗುವವನಿದ್ದ. ನಾನು ಫೋನಿನಲ್ಲೇ ಹೇಳಿ ಅವನ ಪಾಸ್‌ಪೋರ್ಟಿಗೆ ಚೀಟಿ ಹಚ್ಚಿಸಿದ್ದೆ, “ಪಟ್ಟಿ ಕೊಟ್ಟು ಮುಂದಕ್ಕ ಹೋಗು” ಅಂತ.

ವಿಮೆ

ವಿಮೆ ಮಾಡಿಸಿ. ಇದರಲ್ಲಿ ಜಿಪುಣತನ ಬೇಡ. ಆದರೆ ಒಂದು ಸಣ್ಣಕ್ಷರ ಓದಿ: ನೀವೇ ಕಟ್ಟಿದ ಡಬ್ಬಿಯಲ್ಲಿ ಒಡೆದರೆ ಬಹಳ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಹಾಗಾಗಿ ಗಾಜು, ಪಿಂಗಾಣಿ, ಟಿವಿಯನ್ನು ಪ್ಯಾಕರ್ಸ್ ಕೈಯಲ್ಲೇ ಕಟ್ಟಿಸಿ, ನೀವು ಎದುರಿಗೆ ಕೂತು ಪಟ್ಟಿ ಬರೆಯಿರಿ. ಬಟ್ಟೆ, ಪುಸ್ತಕ, ಸ್ಟೀಲ್ ನೀವೇ ಕಟ್ಟಿಕೊಳ್ಳಿ. ಬೆಲೆ ಹಾಕುವಾಗ ಇಲ್ಲಿನದಲ್ಲ, ಅಲ್ಲಿ ಅದೇ ಸಾಮಾನು ಮತ್ತೆ ಕೊಳ್ಳಲು ಎಷ್ಟಾಗುತ್ತದೋ ಅದು.

ನಿಮ್ಮ ಡಬ್ಬಿಗೆ ಏನೂ ಆಗದಿದ್ದರೂ ದುಡ್ಡು ಕಟ್ಟಬೇಕಾದ ಪ್ರಸಂಗ ಒಂದಿದೆ. ಹಡಗನ್ನು ಉಳಿಸಲು ಖರ್ಚಾದರೆ ಅದರಲ್ಲಿ ಸಾಮಾನು ಇಟ್ಟವರೆಲ್ಲ ಪಾಲು ಕೊಡಬೇಕು. ಇದು ಸಮುದ್ರದ ಹಳೆಯ ಪದ್ಧತಿ, ‘ಜನರಲ್ ಆವರೇಜ್’. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗು ನೆನಪಿದೆಯಲ್ಲ, ಅದರಲ್ಲಿ ಸಾಮಾನಿದ್ದವರಿಗೆ ಹೀಗೇ ಆಯಿತು. ಇನ್ನು ನಮ್ಮ ಪಕ್ಕದಲ್ಲೇ, 2025ರ ಮೇ ತಿಂಗಳಲ್ಲಿ, ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರ್ ಸಮೇತ ಕೇರಳದ ತೀರದಾಚೆ ಮುಳುಗಿತು. ಪಾಲಿಸಿಯಲ್ಲಿ ಈ ಜನರಲ್ ಆವರೇಜ್ ಸೇರಿದೆಯಾ ಅಂತ ಕೇಳಿ.

ಕೈಯಲ್ಲಿ ಹೋಗಬೇಕಾದ್ದು

ಮಾರ್ಕ್ಸ್‌ಕಾರ್ಡ್, ಜನನ ಪತ್ರ, ಮದುವೆ ಪತ್ರ, ಮಕ್ಕಳ ಲಸಿಕೆ ಕಾರ್ಡ್, ಡಾಕ್ಟರ ಚೀಟಿ ಸಮೇತ ಔಷಧಿ, ಮತ್ತು ಆ ಪಟ್ಟಿಯ ಎರಡು ಪ್ರತಿ. ಯಾವುದೂ ಹಡಗಿನಲ್ಲಿ ಬೇಡ. ಬಂಗಾರ ಜಾಸ್ತಿ ಇದ್ದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ತಗೊಳ್ಳಿ. ಮದುವೆ ಮುಂಜಿವೆಗೆ ವಾಪಸ್ ಬರುವಾಗ ‘ಇದು ಇಲ್ಲಿಂದಲೇ ಒಯ್ದದ್ದು’ ಅಂತ ತೋರಿಸಲು ಬೇಕು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರುವವರಿಗೆ ಒಂದು ಗುಂಡಿ ಇದೆ. ಅಲ್ಲಿಂದ ನೇರ ವಿದೇಶ ವಿಮಾನ ಇಲ್ಲ, ಮೊದಲು ಮುಂಬೈಗೋ ಬೆಂಗಳೂರಿಗೋ ಹೋಗಬೇಕು. ಆ ಟಿಕೆಟ್ ಬೇರೆ ತೆಗೆಸಿದರೆ ಸಾಮಾನ್ಯವಾಗಿ 15 ಕಿಲೋ ಮಾತ್ರ ಬಿಡುತ್ತಾರೆ. ನಿಮ್ಮ ಹತ್ತಿರ 23 ಕಿಲೋದ ಎರಡು ಸೂಟ್‌ಕೇಸ್. ಉಳಿದ 31 ಕಿಲೋಗೆ ಕೌಂಟರಿನಲ್ಲಿ ದುಡ್ಡು ಎಣಿಸಬೇಕು. ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಸಿಗುತ್ತದಾ ನೋಡಿ. ಇಲ್ಲದಿದ್ದರೆ ರಾತ್ರಿ ಬಸ್ಸು ಅಥವಾ ಕಾರು ಮಾಡಿಕೊಂಡು ಹೋಗುವುದೇ ಅಗ್ಗ. ನಾವು ಹಾಗೇ ಮಾಡಿದೆವು.

ಕೈಚೀಲದಲ್ಲಿ ಮೊದಲ ಎರಡು ತಿಂಗಳಿಗೆ ಸಾಕಾಗುವಷ್ಟು ಪಾತ್ರೆ ಇರಲಿ. ಒಂದು ಕುಕ್ಕರ್, ಒಂದು ಬಾಣಲೆ, ನಾಲ್ಕು ತಟ್ಟೆ, ಎರಡು ಸೌಟು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದರೆ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ತಪ್ಪದೆ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ.

ಸಾಮಾನು ಬಂದ ದಿನ

ಲಾರಿ ಬಂದಾಗ ಒಬ್ಬರು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಲ್ಲಿ. ಡಬ್ಬಿ ಒಳಗೆ ಬಂದ ಹಾಗೆ ನಂಬರಿಗೆ ಟಿಕ್. ರಸೀದಿಗೆ ಸಹಿ ಹಾಕುವ ಅವಸರ ಬೇಡ. ಮುದುಡಿದ, ಒದ್ದೆಯಾದ, ಬಿಚ್ಚಿ ಮತ್ತೆ ಅಂಟಿಸಿದ ಡಬ್ಬಿ ಇದ್ದರೆ ಫೋಟೊ ತೆಗೆದು, ರಸೀದಿಯ ಮೇಲೆಯೇ ನಂಬರ್ ಸಮೇತ ಬರೆದು ಆಮೇಲೆ ಸಹಿ ಮಾಡಿ. ವಿಮೆಯವರಿಗೆ ತಿಳಿಸಲು ದಿನಗಳ ಗಡುವು ಇರುತ್ತದೆ, ಅದನ್ನು ಮೊದಲೇ ನೋಡಿಕೊಂಡಿರಿ.

ನಮ್ಮಲ್ಲಿ ಹತ್ತೊಂಬತ್ತೂ ಬಂದವು. ಒಡೆದದ್ದು ಎರಡು ಕಪ್, ಅದೂ ನಾನೇ ಕಟ್ಟಿದ್ದ ಡಬ್ಬಿಯಲ್ಲಿ, ಹಾಗಾಗಿ ವಿಮೆ ಇಲ್ಲ. ಹಂಚಿಗೆ ತುಕ್ಕು ಹಿಡಿದಿರಲಿಲ್ಲ. ಮೊರವನ್ನು ಅಲ್ಲಿಯವರು ಇಟ್ಟುಕೊಂಡರು. ಖಾಲಿ ಡಬ್ಬಿ ವಾಪಸ್ ಒಯ್ಯುವುದು ನಮ್ಮ ಕರಾರಿನಲ್ಲಿ ಇರಲಿಲ್ಲ. ಹತ್ತೊಂಬತ್ತನ್ನೂ ಬಿಚ್ಚಿ ಚಪ್ಪಟೆ ಮಾಡಿ, ಲಿಫ್ಟಿನಲ್ಲಿ ನಾಲ್ಕು ಸಲ ಇಳಿಸಿ, ಕೆಳಗಿನ ರದ್ದಿ ಡಬ್ಬದ ಹತ್ತಿರ ಜೋಡಿಸುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು.